ಪುಸ್ತಕದ ಕಟ್ಟು, ಕತ್ತರಿಸಿದ ಸ್ಪ್ರಿಂಗು

ಈ ಸಲ ಪಾಠ, ಪರೀಕ್ಷೆ, ಪಠ್ಯಪುಸ್ತಕ ಯಾವುದೂ ಬೇಡ, ಬೇರೆ ಏನಾದರೂ ಬರೆಯೋಣ ಎಂದು ಕುಳಿತೆವು. ಆದರೂ ಪಠ್ಯಪುಸ್ತಕ ಬಂದೇ ಬರುತ್ತದೆ, ಅದೂ ಕಾರಿನ ಡಿಕ್ಕಿಯಲ್ಲಿ! ಹೇಳಲು ಹೊರಟಿರುವುದು ಕಾರಿನ ಸಸ್ಪೆನ್ಷನ್ ವಿಷಯ. ಕನ್ನಡ ಶಾಲೆಯ ಮೇಷ್ಟ್ರುಗಳಿಗೆ ಇದೆಲ್ಲ ಯಾಕೆ ಎಂದು ಕೇಳುವವರು ಒಮ್ಮೆ ಬಣ್ಣಾರಿಯಿಂದ ದಿಂಬಂವರೆಗೆ ಬಂದು ಹೋಗಲಿ. ಆಮೇಲೆ ಕೇಳಲಿ.

ನಾವು ಎಂದರೆ ಮೂವರು ಮೇಷ್ಟ್ರು, ಒಂದು ಕಾರು. ತಾಳವಾಡಿ ಸೀಮೆಯ ಸರಕಾರಿ ಶಾಲೆಗಳಲ್ಲಿ ಕೆಲಸ. ನಮ್ಮೂರು ಗೊತ್ತಿಲ್ಲದವರಿಗೆ ಸುಲಭದ ಗುರುತು ಬೇಕೆಂದರೆ, ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವ ತಾಲೂಕು. ಮನೆಯ ಮಾತು ಕನ್ನಡ, ಸರಕಾರ ತಮಿಳುನಾಡಿನದು, ಜಿಲ್ಲೆ ಈರೋಡು. ಸಂತೆಗೆ, ಸಂಬಂಧಕ್ಕೆ ಚಾಮರಾಜನಗರ ಹತ್ತಿರ. ಕಚೇರಿ, ಮೀಟಿಂಗು, ತರಬೇತಿಗೆ ಮಾತ್ರ ಘಟ್ಟ ಇಳಿದು ಸತ್ಯಮಂಗಲದ ಕಡೆಗೆ ಹೋಗಲೇಬೇಕು. ಘಟ್ಟದಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ತಮಿಳಿನಲ್ಲಿ ಇದಕ್ಕೆ ಕೊಂಡೈ ಊಸಿ ವಳೈವು ಎನ್ನುತ್ತಾರೆ, ಕೊಂಡೆಗೆ ಚುಚ್ಚುವ ಪಿನ್ನಿನ ಬಳಸು. ಒಂದೊಂದು ತಿರುವಿಗೂ ನಂಬರು ಹಾಕಿದ್ದಾರೆ. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟಂತೆ ನಾವು ಅವನ್ನು ಎಣಿಸುತ್ತ ಇಳಿಯುತ್ತೇವೆ, ಎಣಿಸುತ್ತ ಹತ್ತುತ್ತೇವೆ.

ಬಸ್ಸಿನಲ್ಲಿ ಹೋಗಿ ಹೋಗಿ ಸಾಕಾಗಿ 2018ರಲ್ಲಿ ಮೂವರೂ ಸೇರಿ ಒಂದು ಹಳೆಯ ಸ್ವಿಫ್ಟ್ ಕೊಂಡೆವು. 2010ರ ಮಾಡೆಲ್ಲು, ಪೆಟ್ರೋಲ್. ಆರ್.ಸಿ. ಒಬ್ಬರ ಹೆಸರಿನಲ್ಲಿದ್ದರೂ ಕಾರು ಮೂವರದು, ಹಾಗೆಯೇ ಅದರಲ್ಲಿ ಮಾಡಿದ ತಪ್ಪೂ ಮೂವರದು. ಸ್ಟಿಯರಿಂಗ್ ಹಿಡಿದಿದ್ದವರು ಯಾರು ಎಂದು ಮುಂದೆ ಎಲ್ಲಿಯೂ ಕೇಳಬೇಡಿ. ನಾವೇ.

ಒಂದು ವಿಷಯ ಒಪ್ಪಿಕೊಳ್ಳಬೇಕು. ನಮಗೆ ವೇಗವಾಗಿ ಓಡಿಸುವುದು ಇಷ್ಟ. ನಲವತ್ತು ದಾಟಿದ, ತರಗತಿಯಲ್ಲಿ 'ಓಡಬೇಡ ಕಣೋ, ಬೀಳ್ತೀಯ' ಎಂದು ದಿನವೂ ಹೇಳುವ ಮೇಷ್ಟ್ರುಗಳಿಗೆ ಇದು ಸಲ್ಲದ ಆಸೆ ಇರಬಹುದು. ಬೆಳಗಿನ ಆರೂವರೆಗೆ ದಿಂಬಂ ಬಳಿ ಮಂಜು ಸರಿಯುವಾಗ, ಮುಂದೆ ಲಾರಿಯಿಲ್ಲದ ನಾಲ್ಕು ತಿರುವು ಸಿಕ್ಕಿದರೆ, ಎರಡನೇ ಗೇರಿನಲ್ಲಿ ಕಾರು ಮಾತು ಕೇಳುತ್ತ ಹತ್ತುವುದರಲ್ಲಿ ಒಂದು ಸಂತೋಷ ಇದೆ. ಇಲ್ಲ ಎಂದರೆ ಸುಳ್ಳು ಹೇಳಿದ ಹಾಗೆ.

ಕೊಂಡ ಹೊಸದರಲ್ಲಿ ಕಾರು ತಿರುವಿನಲ್ಲಿ ವಾಲುತ್ತಿತ್ತು. ಹಿಂದಿನ ಸೀಟಿನಲ್ಲಿ ಕುಳಿತವರು ಬಾಗಿಲಿನ ಹಿಡಿ ಹಿಡಿಯಲೇಬೇಕು. ಕೆಳಗಿನ ಊರಿನ ಒಂದು ಗ್ಯಾರೇಜಿನಲ್ಲಿ ತೋರಿಸಿದೆವು. (ಹೆಸರು ಬೇಡ. ಅವರು ಮಾಡಿದ್ದನ್ನು ಬೇಡ ಎನ್ನುವಷ್ಟು ತಿಳಿವಳಿಕೆ ನಮಗೂ ಇರಲಿಲ್ಲ.) ಹುಡುಗ ಒಬ್ಬ ಬಂದು ಕಾರಿನ ಸುತ್ತ ಒಮ್ಮೆ ತಿರುಗಿ, 'ಸ್ಪ್ರಿಂಗ್ ಒಂದೊಂದು ಸುತ್ತು ತೆಗೆದುಬಿಡೋಣ ಸಾರ್, ಗಾಡಿ ಕೆಳಗೆ ಕೂರುತ್ತೆ, ರೇಸ್ ಕಾರಿನ ಹಾಗೆ ನೆಲ ಕಚ್ಚುತ್ತೆ' ಎಂದು ತಮಿಳಿನಲ್ಲಿ ಹೇಳಿದ. ಮಧ್ಯಾಹ್ನ ಊಟ ಮಾಡಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ಕತ್ತರಿಸಿದ ನಾಲ್ಕು ತುಂಡುಗಳನ್ನು ಒಂದು ಹಳೆಯ ಪೇಪರಿನಲ್ಲಿ ಸುತ್ತಿ ನಮ್ಮ ಕೈಗೇ ಕೊಟ್ಟ. ಕಾರು ಎರಡು ಬೆರಳಿಗಿಂತ ಹೆಚ್ಚೇ ಕೆಳಗಿಳಿದಿತ್ತು. ನೋಡಲು ಚೆಂದ. ಆ ಸಂಜೆ ಘಟ್ಟ ಹತ್ತುವಾಗ ವಾಲಾಟ ಅರ್ಧ ಆಯಿತೇನೋ ಅನ್ನಿಸಿತು. ಎಷ್ಟು ಸುಲಭ, ಇಷ್ಟು ದಿನ ಯಾಕೆ ಮಾಡಿಸಲಿಲ್ಲ ಎಂದು ಮಾತಾಡಿಕೊಂಡೆವು.

ನಮ್ಮಲ್ಲಿ ಇಬ್ಬರು ಗಡಿಯಾಚೆ ಟಿ.ಸಿ.ಎಚ್. ಓದಿದವರು. ಡಿಗ್ರಿ ನೋಡಿದರೆ ಮೂವರದೂ ಬಿ.ಎ., ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ. ಆದರೂ ಮೇಲಿನ ತರಗತಿಗೆ ಗಣಿತ, ವಿಜ್ಞಾನವನ್ನೂ ಹೇಳುತ್ತೇವೆ. ಸ್ಪ್ರಿಂಗಿನ ಪಾಠವನ್ನು ವರ್ಷಾ ವರ್ಷ ಮಾಡುತ್ತಿದ್ದವರಿಗೆ, ನಮ್ಮ ಕಾರಿನ ಕೆಳಗೂ ಅದೇ ಪಾಠ ಇದೆ ಎಂದು ಹೊಳೆಯಲಿಲ್ಲ.

2019ರ ಜೂನ್. ಶಾಲೆ ಶುರುವಾಗಿ ಎರಡು ವಾರ ಕಳೆದರೂ ನಮ್ಮ ಕನ್ನಡ ಮಾಧ್ಯಮದ ಪುಸ್ತಕ ಬಂದಿರಲಿಲ್ಲ. ತಮಿಳು ಮಾಧ್ಯಮದವರ ಕೈಯಲ್ಲಿ ಪುಸ್ತಕ, ಪಕ್ಕದ ಕೊಠಡಿಯಲ್ಲಿ ನಮ್ಮ ಮಕ್ಕಳ ಕೈಯಲ್ಲಿ ಸ್ಲೇಟು. ಗಡಿಯಲ್ಲಿ ಪಾಠ ಮಾಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೊನೆಗೆ ಕೆಳಗಿನ ಒಂದು ಕಚೇರಿಯಿಂದ ಫೋನು ಬಂತು: ಪುಸ್ತಕ ಬಂದಿದೆ, ಗಾಡಿ ಯಾವಾಗ ಕಳಿಸುತ್ತೇವೋ ಗೊತ್ತಿಲ್ಲ, ಬೇಕಾದರೆ ನೀವೇ ಒಯ್ಯಿರಿ. ಬೇಕಾದರೆ ಎಂದರೇನು ಅರ್ಥ! ಮರುದಿನವೇ ಇಳಿದೆವು. ಡಿಕ್ಕಿ ತುಂಬ ಕಟ್ಟುಗಳು, ಹಿಂದಿನ ಸೀಟಿನಲ್ಲಿ ಒಬ್ಬರು, ಅವರ ಪಕ್ಕ ಮತ್ತೆ ಕಟ್ಟುಗಳು. ಆಮೇಲೆ ತೂಕ ಹಾಕಿದಾಗ ಗೊತ್ತಾಯಿತು, ಪುಸ್ತಕವೇ 130 ಕಿಲೋ ಹತ್ತಿರ ಇತ್ತು.

ಘಟ್ಟ ಹತ್ತಿದ್ದು ಚೆನ್ನಾಗಿಯೇ. ರಸ್ತೆ ನುಣುಪಾಗಿತ್ತು. ಕರ್ನಾಟಕದ ಕಡೆಯಿಂದ ಬರುವ ಲಾರಿಗಳು ಕಡಿಮೆ ಇದ್ದವು. ಹಾಸನೂರು ದಾಟಿ, ಹೆದ್ದಾರಿ ಬಿಟ್ಟು ನಮ್ಮ ಹಳ್ಳಿ ರಸ್ತೆಗೆ ಬಂದೆವು. ಗಂಟೆ ನಾಲ್ಕೂವರೆ. ಶಾಲೆ ಬಿಟ್ಟಿರುತ್ತದೆ, ಮಕ್ಕಳು ಮನೆಗೆ ಹೊರಡುವ ಮೊದಲೇ ಮುಟ್ಟಿದರೆ ಇವತ್ತೇ ಪುಸ್ತಕ ಕೊಟ್ಟುಬಿಡಬಹುದು ಎಂಬ ಆತುರ. ಊರಿಗೆ ಮುಂಚೆ ಎಡಕ್ಕೆ ಹೊರಳುವ ಒಂದು ತಿರುವಿದೆ. ದಿನವೂ ನಲವತ್ತರಲ್ಲಿ ಹೋಗುವ ಜಾಗ. ಅವತ್ತು ಐವತ್ತರಲ್ಲಿದ್ದೆವು. ತಿರುವಿನ ನಡುವೆ ಟಾರು ಕಿತ್ತು, ಮುಚ್ಚಿ, ಮತ್ತೆ ಕಿತ್ತು ಆದ ಒಂದು ಉಬ್ಬು ಇದೆ.

ಹಿಂಬದಿಯಲ್ಲಿ ಧಡ್ ಎಂದಿತು. ಕಲ್ಲಿಗೆ ಕಲ್ಲು ಹೊಡೆದ ಸದ್ದು. ಕಾರಿನ ಬಾಲ ಬಲಕ್ಕೆ ಜಾರಿತು, ಮೂತಿ ಎಡಕ್ಕೆ ತಿರುಗಿತು. ಎಡಗಡೆ ರಸ್ತೆ ಪಕ್ಕದಲ್ಲಿ, ಹುಣಸೆಮರದ ಕೆಳಗೆ, ನಮ್ಮ ಮಕ್ಕಳು ನಿಂತಿದ್ದರು. ಹನ್ನೊಂದು ಜನ. ಪುಸ್ತಕ ಬರುತ್ತದೆಂದು ಯಾರೋ ಹೇಳಿದ್ದರಂತೆ, ದಾರಿ ಕಾಯುತ್ತಿದ್ದರು. ನಮ್ಮ ಕಾರು ಕಂಡದ್ದೇ ಎಲ್ಲರೂ ಕೈ ಮುಗಿದರು.

ಆ ಮುಗಿದ ಕೈಗಳ ಕಡೆಗೆ ಕಾರು ಜಾರುತ್ತಿತ್ತು.

ಏನು ಮಾಡಿದೆವು ಎಂದು ಕ್ರಮವಾಗಿ ಹೇಳಲು ಬರುವುದಿಲ್ಲ. ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದ್ದು ನೆನಪಿದೆ. ಬ್ರೇಕು ಒತ್ತಿದ್ದೋ ಬಿಟ್ಟಿದ್ದೋ ನೆನಪಿಲ್ಲ. ಕಾರು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಾಲ ಅಲ್ಲಾಡಿಸಿ, ಎಡಗಡೆಯ ಮಣ್ಣಿಗೆ ಇಳಿದು ನಿಂತಿತು. ಮುಂದಿನ ಬಂಪರಿಗೂ ಮೊದಲು ನಿಂತಿದ್ದ ಹುಡುಗಿಗೂ ನಡುವೆ ಎರಡು ಮಾರು ಇತ್ತು. ಮಕ್ಕಳು ಹೆದರಲೇ ಇಲ್ಲ! ಸಾರ್‌ಗಳು ತಮಗಾಗಿಯೇ ಕಾರು ನಿಲ್ಲಿಸಿದರು ಎಂದುಕೊಂಡು ಓಡಿ ಬಂದು ಡಿಕ್ಕಿ ತಟ್ಟಿದರು.

'ಪುಸ್ತಕ ಬಂದ್ವಾ ಸಾ?'

ಬಂದವು ಎಂದೆವು. ಮಾತು ಅಷ್ಟೇ ಹೊರಟದ್ದು. ಡಿಕ್ಕಿ ತೆಗೆದು ಅಲ್ಲೇ ಹಂಚಿದೆವು. ಮಕ್ಕಳು ಪುಸ್ತಕ ಮೂಸಿ ನೋಡುತ್ತಾರಲ್ಲ, ಹಾಗೆ ನೋಡುತ್ತ ಹೋದರು. ನಾವು ಮೂವರೂ ಹುಣಸೆಮರದ ಕೆಳಗೆ ಕುಳಿತೆವು. ಎಷ್ಟು ಹೊತ್ತು ಕುಳಿತಿದ್ದೆವೋ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಶಾಲೆಯಲ್ಲೂ ಹೇಳಲಿಲ್ಲ. ಮೂರು ದಿನ ಕಾರು ಮುಟ್ಟಲಿಲ್ಲ.

ನಾಲ್ಕನೇ ದಿನ ಭಾನುವಾರ. ನಮ್ಮಲ್ಲಿ ಲೆಕ್ಕ ಹೇಳುವವರಿಗೆ ನಿದ್ದೆ ಬಂದಿರಲಿಲ್ಲ. ಶಾಲೆಯ ಅಳತೆ ಟೇಪು, ಒಂದು ಹಗ್ಗ ತೆಗೆದುಕೊಂಡು ಮೂವರೂ ಬೆಳಗ್ಗೆಯೇ ಆ ತಿರುವಿಗೆ ಹೋದೆವು. ತಿರುವಿನ ಅಂಚಿನಲ್ಲಿ 20 ಮೀಟರ್ ಹಗ್ಗ ಎಳೆದು ಹಿಡಿದರೆ ಅದು ವೃತ್ತದ ಜ್ಯಾ. ಹಗ್ಗದ ನಡುವಿನಿಂದ ರಸ್ತೆಯ ಅಂಚಿಗೆ ಅಳೆದರೆ 1.25 ಮೀಟರ್. ಜ್ಯಾದ ವರ್ಗವನ್ನು ಆ ಎತ್ತರದ ಎಂಟರಷ್ಟರಿಂದ ಭಾಗಿಸಬೇಕು, 400 ಭಾಗ 10, ತ್ರಿಜ್ಯ ಸುಮಾರು 40 ಮೀಟರ್. (ಎತ್ತರದ ಅರ್ಧವನ್ನೂ ಕೂಡಿಸಬೇಕು, ಅದು ಅರ್ಧ ಮೀಟರಿನ ಮಾತು, ಬಿಡಿ.) ಹಾಲು ಹಾಕಲು ಹೋಗುತ್ತಿದ್ದ ಗೌಡರು ನಿಂತು, 'ಏನ್ ಸಾ, ರಸ್ತೆ ಅಗಲ ಮಾಡ್ತಾರಾ?' ಎಂದು ಕೇಳಿದರು. ಮಕ್ಕಳಿಗೆ ಪಾಠಕ್ಕೆ ಎಂದೆವು.

ಐವತ್ತು ಕಿಲೋಮೀಟರ್ ವೇಗ ಎಂದರೆ ಸೆಕೆಂಡಿಗೆ 13.9 ಮೀಟರ್. ಅದರ ವರ್ಗ 193, ತ್ರಿಜ್ಯ 40ರಿಂದ ಭಾಗಿಸಿದರೆ 4.8. ಅಂದರೆ ಗುರುತ್ವದ ಅರ್ಧದಷ್ಟು ಬಲ ಕಾರನ್ನು ಪಕ್ಕಕ್ಕೆ ಎಳೆಯುತ್ತದೆ. ಒಣಗಿದ ಟಾರಿನ ಮೇಲೆ ಒಳ್ಳೆಯ ಟೈರು ಗುರುತ್ವದ ಮುಕ್ಕಾಲು ಪಾಲಿನವರೆಗೂ ಹಿಡಿಯುತ್ತದೆ. ಲೆಕ್ಕದ ಪ್ರಕಾರ ಅವತ್ತು ಕಾರು ಜಾರಬಾರದಿತ್ತು! ನಲವತ್ತರಲ್ಲಿ ಹೋಗಿದ್ದರಂತೂ ಮೂರನೇ ಒಂದು ಪಾಲಿಗಿಂತಲೂ ಕಡಿಮೆ ಬಲ. ಹಾಗಾದರೆ ಜಾರಿದ್ದು ಯಾಕೆ?

ಆ ಪ್ರಶ್ನೆ ಹೊತ್ತುಕೊಂಡು ಮುಂದಿನ ಶನಿವಾರ ಚಾಮರಾಜನಗರಕ್ಕೆ ಹೋದೆವು, ನಿಧಾನವಾಗಿ, ಸೈಕಲ್ಲಿನವರೂ ನಮ್ಮನ್ನು ನೋಡಿ ನಗುವ ಹಾಗೆ. ಅಲ್ಲಿ ಒಬ್ಬ ವಯಸ್ಸಾದ ಮೇಸ್ತ್ರಿ ಇದ್ದಾರೆ, ಅಂಬಾಸಡರ್ ಕಾಲದಿಂದ ಕೆಲಸ ಮಾಡಿದವರು. ಅವರು ಕಾರಿನ ಒಂದೊಂದು ಮೂಲೆಯನ್ನೂ ಎರಡು ಕೈಯಿಂದ ಒತ್ತಿ ಬಿಟ್ಟರು. ಒಳ್ಳೆಯ ಕಾರು ಒಮ್ಮೆ ಮೇಲೆದ್ದು ತನ್ನ ಜಾಗಕ್ಕೆ ಬಂದು ನಿಲ್ಲಬೇಕು. ನಮ್ಮದು ಮೂರು ಸಲ ತೂಗಾಡಿತು. ಮೇಲೆ ಎತ್ತಿ ಕೆಳಗೆ ಟಾರ್ಚು ಬಿಟ್ಟವರು ಹೊರಗೆ ಬಂದು ಕೇಳಿದ್ದು ಒಂದೇ ಮಾತು.

'ಯಾರ್ ಸಾ ಇದ ಕತ್ತರ್ಸಿದ್ದು?'

ಹೇಳಿದೆವು.

'ಸ್ಪ್ರಿಂಗು ಕೆಲ್ಸ ಮಾಡಕ ಜಾಗ ಬೇಕಲ್ವಾ ಮೇಷ್ಟ್ರೇ. ಜಾಗಾನೇ ಕತ್ತರ್ಸಿ ಬಿಸಾಕುದ್ರೆ ಅದು ಏನ್ ಮಾಡ್ತದ?'

ಆ ಒಂದು ಸಂಜೆ ಅವರ ಗ್ಯಾರೇಜಿನಲ್ಲಿ ಕಲಿತದ್ದು, ಆಮೇಲೆ ಮನೆಗೆ ಬಂದು ಕಾಗದದ ಮೇಲೆ ಹಾಕಿ ನೋಡಿದ್ದು, ಎರಡನ್ನೂ ಕೂಡಿಸಿ ಹೇಳುತ್ತೇವೆ. ಘಟ್ಟದ ರಸ್ತೆಯಲ್ಲಿ ಕಾರು ಇಟ್ಟುಕೊಂಡ ಮೇಷ್ಟ್ರುಗಳು ಈಗ ಬಹಳ ಜನ ಇದ್ದೀರಿ.

ಸ್ಪ್ರಿಂಗಿನ ಗಡಸುತನ ಅದರ ಸುತ್ತುಗಳ ಸಂಖ್ಯೆಗೆ ವಿಲೋಮ. ಉದ್ದದ ರಬ್ಬರ್ ಬ್ಯಾಂಡು ಸಲೀಸಾಗಿ ಎಳೆಯುತ್ತದೆ, ಅದನ್ನೇ ತುಂಡು ಮಾಡಿದರೆ ಎಳೆಯಲು ಕಷ್ಟ, ಹಾಗೆ. ಕೆಲಸ ಮಾಡುವ ಐದು ಸುತ್ತಿನಲ್ಲಿ ಒಂದನ್ನು ಕತ್ತರಿಸಿದರೆ ಉಳಿದದ್ದು ನಾಲ್ಕು. ಗಡಸುತನ ಐದು ಭಾಗ ನಾಲ್ಕು, ಅಂದರೆ 25% ಹೆಚ್ಚಾಯಿತು. ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಆದರೆ ಗಾಡಿ ಕೆಳಗೆ ಕುಳಿತಿತು. ಚಕ್ರ ಮೇಲೆ ಹೋಗಲು ಇದ್ದ ಜಾಗದಲ್ಲಿ ಅರ್ಧ ಹೋಯಿತು. ಅದರ ತುದಿಯಲ್ಲಿ ಬಂಪ್ ಸ್ಟಾಪ್ ಎಂಬ ಒಂದು ರಬ್ಬರಿನ ಗಟ್ಟಿ ಇರುತ್ತದೆ. ಹಿಂದೆ 130 ಕಿಲೋ ಪುಸ್ತಕ, ಒಬ್ಬ ಮೇಷ್ಟ್ರು. ಉಳಿದಿದ್ದ ಜಾಗವೂ ಮುಗಿದು ಕಾರು ಆ ರಬ್ಬರಿನ ಮೇಲೇ ಹೆಚ್ಚು ಕಡಿಮೆ ಕುಳಿತೇ ಬರುತ್ತಿತ್ತು. ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ಭಾರ ಬಿದ್ದಿತ್ತು, ಅಷ್ಟರಲ್ಲಿ ಉಬ್ಬು ಬಂತು. ಸ್ಪ್ರಿಂಗು ಅಲ್ಲಿಗೆ ಸ್ಪ್ರಿಂಗಾಗಿ ಉಳಿಯಲಿಲ್ಲ, ಕಬ್ಬಿಣದ ಗೂಟವಾಯಿತು. ಹಿಂದಿನ ಬಲಗಡೆ ಟೈರಿಗೆ ಒಮ್ಮೆಲೇ ತಡೆಯಲಾಗದಷ್ಟು ಭಾರ ಬಿತ್ತು, ಮರುಕ್ಷಣ ಚಕ್ರ ನೆಲ ಬಿಟ್ಟು ಹಾರಿತು. ನೆಲ ಮುಟ್ಟದ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ನಮ್ಮ ಮುಕ್ಕಾಲು ಪಾಲಿನ ಲೆಕ್ಕ ಸರಿಯೇ, ಆದರೆ ಅದು ಟೈರು ರಸ್ತೆಯ ಮೇಲೆ ಇದ್ದರೆ ಮಾತ್ರ.

ಇನ್ನೊಂದು ವಿಷಯ ಕೇಳಿ ನಮಗೆ ಆಶ್ಚರ್ಯವಾಯಿತು. ಕಾರು ಕೆಳಗೆ ಕುಳಿತಷ್ಟೂ ವಾಲುವುದು ಕಡಿಮೆ ಎಂದು ಎಲ್ಲರೂ ನಂಬುತ್ತಾರೆ. ನಮ್ಮ ಕಾರಿನ ಮುಂದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್, ಸಾಮಾನ್ಯ ಚಿಕ್ಕ ಕಾರುಗಳಿಗೆಲ್ಲ ಅದೇ. ಅದರ ಕೆಳಗಿನ ತೋಳು, ಲೋಯರ್ ಆರ್ಮ್ ಎನ್ನುತ್ತಾರಲ್ಲ, ಅದು ಚಕ್ರದ ಕಡೆಗೆ ಸ್ವಲ್ಪ ಇಳಿಜಾರಾಗಿರಬೇಕು. ಕಾರನ್ನು ತೀರ ಇಳಿಸಿದರೆ ತೋಳು ಮಟ್ಟವಾಗಿ, ಆಮೇಲೆ ಉಲ್ಟಾ ಇಳಿಜಾರಾಗುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ಬಿಂದು, ಕಾರಿನ ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗೆ ಹೋಗುತ್ತದೆ. ಎರಡರ ನಡುವಿನ ಅಂತರವೇ ಸನ್ನೆಯ ತೋಳು. ಅದು ಉದ್ದವಾದರೆ ವಾಲಿಸುವ ಬಲಕ್ಕೆ ಅನುಕೂಲ. ಜೊತೆಗೆ ವಾಲಿದಾಗ ಹೊರಗಿನ ಟೈರು ನೆಟ್ಟಗೆ ನಿಲ್ಲುವ ಬದಲು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ನಮ್ಮ ಮುಂದಿನ ಟೈರುಗಳ ಹೊರ ಅಂಚು ಎಂಟು ತಿಂಗಳಲ್ಲಿ ಬೋಳಾಗಿತ್ತು. ಟೈರು ಕಂಪನಿಯನ್ನು ಬೈದುಕೊಂಡಿದ್ದೆವು, ಪಾಪ.

ಭಾರ ವರ್ಗಾವಣೆಯ ಮಾತೂ ಹಾಗೆಯೇ. (ವರ್ಗಾವಣೆ ಎಂದರೆ ಮೇಷ್ಟ್ರುಗಳು ಬೆಚ್ಚಿ ಬೀಳುವುದು ಬೇಡ, ಇದು ಬೇರೆ.) ತಿರುವಿನಲ್ಲಿ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಎಷ್ಟು ಭಾರ ಹೋಗಬೇಕು ಎಂಬುದನ್ನು ವೇಗ, ತಿರುವಿನ ತ್ರಿಜ್ಯ, ಕಾರಿನ ಅಗಲ, ಗುರುತ್ವ ಕೇಂದ್ರದ ಎತ್ತರ ಇವೇ ನಿರ್ಧರಿಸುತ್ತವೆ. ಸ್ಪ್ರಿಂಗು ಎಷ್ಟೇ ಗಟ್ಟಿ ಮಾಡಿದರೂ ಒಟ್ಟು ಭಾರದಲ್ಲಿ ಹೇಳುವಂಥ ವ್ಯತ್ಯಾಸ ಆಗದು. ಅದರಲ್ಲಿ ಮುಂದಿನ ಜೋಡಿಗೆಷ್ಟು, ಹಿಂದಿನ ಜೋಡಿಗೆಷ್ಟು ಎಂದು ಹಂಚುವುದು ಮಾತ್ರ ನಮ್ಮ ಕೈಯಲ್ಲಿದೆ. ಹಿಂಬದಿ ಗಟ್ಟಿಯಾದಷ್ಟೂ ಬಾಲ ಚುರುಕಾಗುತ್ತದೆ. ರೇಸಿನವರು ಬೇಕೆಂದೇ ಹಾಗೆ ಮಾಡುತ್ತಾರೆ. ಅವರ ರಸ್ತೆಯ ಪಕ್ಕದಲ್ಲಿ ಹುಣಸೆಮರವೂ ಇರುವುದಿಲ್ಲ, ಕೈ ಮುಗಿಯುವ ಮಕ್ಕಳೂ ಇರುವುದಿಲ್ಲ.

ಮೇಸ್ತ್ರಿ ಮಾಡಿದ ಕೆಲಸದ ಕ್ರಮ ನಮಗೆ ಇಷ್ಟವಾಯಿತು. ಮೊದಲು ಟೈರು ನೋಡಿದರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲಿನ ಎರಡು ವಾರ, ಕೊನೆಯ ಎರಡು ವರ್ಷ. ನಮ್ಮ ಹಿಂದಿನ ಟೈರಿನ ಮೇಲೆ 3111 ಇತ್ತು, ಅಂದರೆ 2011ನೇ ಇಸವಿಯ 31ನೇ ವಾರ! ಗೀರು ಬೇಕಾದಷ್ಟಿತ್ತು, ಆದರೆ ರಬ್ಬರು ಹಲಗೆಯಂತಾಗಿತ್ತು. ಅದನ್ನು ತೆಗೆಸಿದರು. ಆಮೇಲೆ ಲೋಯರ್ ಆರ್ಮಿನ ಬುಷ್‌ಗಳು. ಸರಳು ಹಾಕಿ ಮೀಟಿದರೆ ತೋಳು ಹಿಂದೆ ಮುಂದೆ ಆಡುತ್ತಿತ್ತು. ಬ್ರೇಕು ಹಾಕಿದಾಗಲೆಲ್ಲ ಚಕ್ರ ತನ್ನಷ್ಟಕ್ಕೆ ಸ್ವಲ್ಪ ತಿರುಗುವುದು ಅದರಿಂದಲೇ. ನಾವು ಅದನ್ನು ಸ್ಟಿಯರಿಂಗಿನ ದೋಷ ಎಂದುಕೊಂಡಿದ್ದೆವು. ಬುಷ್ಷಿನ ಬೆಲೆ ಕೆಲವು ನೂರು ರೂಪಾಯಿ. ನಮ್ಮ ಇಡೀ ರಿಪೇರಿಯಲ್ಲಿ ಅತಿ ಹೆಚ್ಚು ವ್ಯತ್ಯಾಸ ತಂದದ್ದು ಅದೇ ಎಂದು ಈಗಲೂ ನಮ್ಮ ಅಭಿಪ್ರಾಯ.

ಮೂರನೆಯದು ಶಾಕ್ ಅಬ್ಸಾರ್ಬರ್. ಈ ಹೆಸರೇ ತಪ್ಪು ತಿಳಿವಳಿಕೆಗೆ ದಾರಿ. ಪೆಟ್ಟು ನುಂಗುವುದು ಸ್ಪ್ರಿಂಗು. ನುಂಗಿದ ಮೇಲೆ ಅದು ತೊಟ್ಟಿಲಿನಂತೆ ತೂಗುತ್ತ ಇರದ ಹಾಗೆ ಹಿಡಿದು ನಿಲ್ಲಿಸುವುದು ಇದರ ಕೆಲಸ. ಎಣ್ಣೆಯನ್ನು ಸಣ್ಣ ತೂತಿನಲ್ಲಿ ನೂಕಿ, ಆ ಕುಣಿತವನ್ನು ಬಿಸಿಯಾಗಿ ಕಳೆಯುತ್ತದೆ. ಸ್ಪ್ರಿಂಗು ಗಟ್ಟಿ ಮಾಡಿದರೆ ಇದಕ್ಕೂ ಅಷ್ಟೇ ಶಕ್ತಿ ಬೇಕು. ನಮ್ಮದು ಒಂಬತ್ತು ವರ್ಷದ ಮುದಿ ಶಾಕ್, ಮೇಲೆ ಹೊಸದಾಗಿ ಗಟ್ಟಿಯಾದ ಸ್ಪ್ರಿಂಗು. ಮುದುಕರ ಕೈಗೆ ಹೋರಿಯ ಹಗ್ಗ ಕೊಟ್ಟ ಹಾಗಿತ್ತು. ಹಾಗಂತ ತೀರ ಗಟ್ಟಿ ಶಾಕ್ ಹಾಕಿಸಿದರೂ ನಮ್ಮ ರಸ್ತೆಗೆ ಆಗದು. ಚಕ್ರ ಗುಂಡಿಗೆ ಇಳಿಯುವ ಮೊದಲೇ ಕಾರು ಮುಂದೆ ಹೋಗಿಬಿಡುತ್ತದೆ, ಟೈರು ಗಾಳಿಯಲ್ಲಿ.

ಸ್ಪ್ರಿಂಗಿನ ಸರದಿ ಕೊನೆಗೆ. ಕಂಪನಿಯದೇ ಅಳತೆಯ ನಾಲ್ಕು ಹೊಸ ಸ್ಪ್ರಿಂಗು. ಸ್ವಲ್ಪ ಗಟ್ಟಿಯದು ಹಾಕಿಸಬಹುದಾ ಎಂದು ನಮ್ಮಲ್ಲಿ ಒಬ್ಬರು ಮೆಲ್ಲಗೆ ಕೇಳಿಯೇಬಿಟ್ಟರು. ನಾಯಿಯ ಬಾಲ! ಮೇಸ್ತ್ರಿ ಮುಖ ನೋಡಿ ಸುಮ್ಮನಾದೆವು. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ. ಅವತ್ತು ಏನಾದರೂ ಆಗಿದ್ದರೆ ಇನ್ಶೂರೆನ್ಸಿನವರು ಮೊದಲು ನೋಡುತ್ತಿದ್ದದ್ದು ಆ ಸ್ಪ್ರಿಂಗನ್ನೇ. ಆದರೆ ಅದು ನೆನಪಾದದ್ದು ಎಷ್ಟೋ ದಿನದ ಮೇಲೆ.

ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್. ಕೆಲಸದ ಮೊದಲೇ ಅಲೈನ್‌ಮೆಂಟ್ ಮಾಡಿಸುವುದು ಉತ್ತರ ಬರೆಯುವ ಮೊದಲೇ ಮಾರ್ಕು ಹಾಕಿದಂತೆ. ಚಕ್ರಗಳ ಮೂತಿ ಒಳಗೆ ನೋಡುವುದಕ್ಕೆ ಟೋ ಇನ್, ಹೊರಗೆ ನೋಡುವುದಕ್ಕೆ ಟೋ ಔಟ್. ಮುಂದಿನ ಚಕ್ರ ಹೊರಗೆ ನೋಡಿದರೆ ಕಾರು ತಿರುವಿಗೆ ಥಟ್ಟನೆ ಬೀಳುತ್ತದೆ, ಆದರೆ ನೇರ ರಸ್ತೆಯಲ್ಲಿ ನಿಂತಲ್ಲಿ ನಿಲ್ಲದ ಹುಡುಗನ ಹಾಗೆ ಆಡುತ್ತದೆ. ಕಂಪನಿಯ ಅಳತೆಯ ಒಳಗೇ, ಎಡ ಬಲ ಸಮನಾಗಿ ಇರಿಸಿಕೊಂಡೆವು. ಒಟ್ಟು ಖರ್ಚು 31 ಸಾವಿರ ರೂಪಾಯಿ, ಟೈರೂ ಸೇರಿ. ಸ್ಪ್ರಿಂಗು ಕತ್ತರಿಸಲು ಕೊಟ್ಟದ್ದು 1,200.

ಅಲ್ಲಿಂದ ಹಿಂದಿರುಗಿ ಬಂದಾಗ ಕಾರು ಮತ್ತೆ ಎರಡು ಬೆರಳು ಮೇಲೆದ್ದಿತ್ತು, ತಿರುವಿನಲ್ಲಿ ಸ್ವಲ್ಪ ವಾಲುತ್ತಲೂ ಇತ್ತು. ಆದರೆ ಈಗ ಆ ವಾಲಾಟದ ಭಾಷೆ ಅರ್ಥವಾಗುತ್ತಿತ್ತು. ಕಾರು ಮೆಲ್ಲಗೆ ವಾಲಿ, ಭಾರ ಹೊರಗಿನ ಚಕ್ರಕ್ಕೆ ಹೋಗಿ ಕೂರುವುದು ಸೀಟಿನಲ್ಲೇ ಗೊತ್ತಾಗುತ್ತದೆ. ಇನ್ನು ಸಾಕು ಎಂದು ಅದು ಮೊದಲೇ ಹೇಳುತ್ತದೆ. ಕತ್ತರಿಸಿದ ಸ್ಪ್ರಿಂಗಿನ ಕಾರು ಏನನ್ನೂ ಹೇಳುತ್ತಿರಲಿಲ್ಲ, ಕೊನೆಯವರೆಗೂ ಸರಿ ಸರಿ ಎನ್ನುತ್ತಿದ್ದು ಒಮ್ಮೆಲೇ ಕೈ ಬಿಟ್ಟಿತು.

ಘಟ್ಟದಲ್ಲಿ ಈಗಲೂ ನಮಗೆ ಸಂತೋಷ ಇದೆ, ಬಿಟ್ಟಿಲ್ಲ. ಆದರೆ ಒಂದು ಲೆಕ್ಕ ಡ್ಯಾಶ್‌ಬೋರ್ಡಿನ ಒಳಗೆ ಬರೆದು ಇಟ್ಟುಕೊಂಡಿದ್ದೇವೆ. ಹೇರ್‌ಪಿನ್ನಿನ ತ್ರಿಜ್ಯ 12 ಮೀಟರ್ ಎಂದು ಹಿಡಿದರೆ, 25ರ ವೇಗದಲ್ಲಿ ಗುರುತ್ವದ 0.41ರಷ್ಟು ಬಲ, 30ರಲ್ಲಿ 0.59, 35ರಲ್ಲಿ 0.80. ವೇಗ ಹೆಚ್ಚಿಸಿದ್ದು ಹತ್ತು ಕಿಲೋಮೀಟರ್, ಟೈರಿನಿಂದ ಕೇಳಿದ್ದು ಎರಡರಷ್ಟು. ಯಾವ ಸ್ಪ್ರಿಂಗೂ ಈ ವರ್ಗದ ಲೆಕ್ಕವನ್ನು ಬದಲಾಯಿಸುವುದಿಲ್ಲ. ಮೇಲಾಗಿ ಆ ತಿರುವುಗಳಲ್ಲಿ ದೊಡ್ಡ ಲಾರಿ ಬಂದರೆ ಇಡೀ ರಸ್ತೆ ಅದಕ್ಕೇ ಬೇಕು. ಕಬ್ಬಿನ ಲಾರಿಯ ಹಿಂದೆ ಆನೆಯೂ ಇರಬಹುದು, 2013ರಿಂದ ಇದು ಹುಲಿ ಅಭಯಾರಣ್ಯ. 2022ರಲ್ಲಿ ಮದರಾಸು ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದ ಮೇಲೆ ಬೆಳಗಿನ ಹೊತ್ತು ಲಾರಿಗಳ ಸಾಲು ಇನ್ನೂ ಉದ್ದ. ಕಣ್ಣಿಗೆ ಕಾಣುವ ರಸ್ತೆಯ ಅರ್ಧದೊಳಗೆ ನಿಲ್ಲಲು ಆಗುವಷ್ಟು ವೇಗ, ಇಳಿಯುವಾಗ ಹತ್ತಿದ ಗೇರಿನಲ್ಲೇ ಇಳಿಯುವುದು, ಹತ್ತುವ ಗಾಡಿಗೆ ದಾರಿ ಬಿಡುವುದು. ಇಷ್ಟರೊಳಗೆ ಎಷ್ಟು ಚುರುಕು ಸಾಧ್ಯವೋ ಅಷ್ಟು. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತೇವೆ. ಅದು ಗಾಳಿಯ ತೇವ ಹೀರಿಕೊಳ್ಳುವ ಎಣ್ಣೆ. ಹೊಸದಿದ್ದಾಗ 200 ಡಿಗ್ರಿ ದಾಟಿದರೂ ಕುದಿಯದ್ದು, ತೇವ ಸೇರಿದರೆ 140, 150 ಡಿಗ್ರಿಗೇ ಕುದಿಯುತ್ತದೆ. ಕುದಿದರೆ ಪೆಡಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಮಾಸದ ಮೊದಲ ಭಾನುವಾರ ಗಾಳಿ ನೋಡುತ್ತೇವೆ, ಟೈರು ತಣ್ಣಗಿರುವಾಗ. ಖಾಲಿ ಕಾರಿಗೆಷ್ಟು, ತುಂಬಿದ ಕಾರಿಗೆಷ್ಟು ಎಂದು ಚಾಲಕರ ಬಾಗಿಲಿನ ಬಳಿ ಚೀಟಿ ಅಂಟಿಸಿರುತ್ತಾರೆ. ಪೆಟ್ರೋಲ್ ಬಂಕಿನ ಹುಡುಗ ಅದನ್ನು ಓದುವುದಿಲ್ಲ, ನಾವೇ ಹೇಳಬೇಕು.

ಪುಸ್ತಕ ತರುವುದಕ್ಕೆ ಈಗ ಎರಡು ಸಲ ಹೋಗುತ್ತೇವೆ. ಒಂದೇ ಸಲ ತುಂಬುವುದಿಲ್ಲ.

ಕತ್ತರಿಸಿದ ಆ ನಾಲ್ಕು ತುಂಡುಗಳು ಬಹಳ ದಿನ ಮನೆಯ ಅಟ್ಟದ ಮೇಲಿದ್ದವು. 2023ರಲ್ಲಿ ಅದರಲ್ಲಿ ಒಂದನ್ನೂ, ಹಳೆಯ ಪೂರ್ತಿ ಸ್ಪ್ರಿಂಗೊಂದನ್ನೂ ಎಂಟನೇ ತರಗತಿಗೆ ಒಯ್ದೆವು, ಬಲದ ಪಾಠಕ್ಕೆ ಅನುಕೂಲ ಎಂದು. ಇದು ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರು. ನಮ್ಮ ಕಾರಿನದು ಎಂದೆವು. ಯಾಕೆ ಕತ್ತರಿಸಿದ್ದು ಎಂದು ಕೇಳಿದರು. ಉತ್ತರ ಹುಡುಕುತ್ತಿರುವಾಗ ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. 2019ರಲ್ಲಿ ನಾಲ್ಕನೇ ತರಗತಿಯಲ್ಲಿದ್ದವಳು, ಅವತ್ತು ಹುಣಸೆಮರದ ಕೆಳಗೆ ಎಲ್ಲರಿಗಿಂತ ಮುಂದೆ ನಿಂತಿದ್ದವಳು.

'ಅವತ್ತು ಪುಸ್ತಕ ತರ್ವಾಗ ಕಾರು ಜಾರ್ಬುಡ್ತು ಅಲ್ವಾ ಸಾ? ಅದ್ಕಾ?'

ನಾಲ್ಕು ವರ್ಷ ಅವಳಿಗೆ ಗೊತ್ತಿತ್ತು. ಮನೆಯಲ್ಲಿ ಹೇಳಿದ್ದೆಯಾ ಎಂದು ಕೇಳಿದೆವು. ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಯಾಕೆ ಎಂದರೆ, ಸಾರ್‌ಗೆ ಬೈತಾರೆ ಅಂತ, ಎಂದಳು.

ಹೌದಮ್ಮ, ಜಾರಿತು, ತಪ್ಪು ನಮ್ಮದೇ ಎಂದು ಇಡೀ ತರಗತಿಯ ಮುಂದೆ ಹೇಳಿ, ಅವಳನ್ನೇ ಕರೆದು ಸ್ಪ್ರಿಂಗು ಕೈಗೆ ಕೊಟ್ಟೆವು. ಅವಳು ಪೂರ್ತಿ ಸ್ಪ್ರಿಂಗನ್ನು ಮೇಜಿನ ಮೇಲೆ ನಿಲ್ಲಿಸಿ, ಎರಡೂ ಕೈಯಿಂದ ಒತ್ತಲು ಹೋದಳು. ಅದು ಒಂದು ಕೂದಲಿನಷ್ಟೂ ಕುಗ್ಗಲಿಲ್ಲ. ಹಿಂದಿನ ಬೆಂಚಿನವರೂ ಎದ್ದು ಬಂದು, ಒಬ್ಬರ ಮೇಲೊಬ್ಬರು ಬಿದ್ದು ಒತ್ತತೊಡಗಿದರು.